ಸ್ಟ್ಯಾಟಿಸ್ಟಿಕ್ಸನ್ನು ಕೊನೆಯ ಸೆಮಿಸ್ಟರ್‌ಗೆ ತಳ್ಳಬೇಡಿ

ಸೈಕಾಲಜಿ ಓದಬೇಕು ಎಂದು ಬರುವವರ ಕೋರ್ಸ್ ಪ್ಲಾನ್ ಕೈಗೆ ಬಂದರೆ ನಾನು ಮೊದಲು ನೋಡುವುದು ಒಂದನ್ನೇ. ಸ್ಟ್ಯಾಟಿಸ್ಟಿಕ್ಸ್ ಎಲ್ಲಿದೆ? ಹೆಚ್ಚಿನವರ ಪ್ಲಾನಿನಲ್ಲಿ ಅದು ನಾಲ್ಕನೆಯ ಸೆಮಿಸ್ಟರ್‌ನಲ್ಲಿ, ಅಂದರೆ ಕಟ್ಟಕಡೆಯಲ್ಲಿ ಇರುತ್ತದೆ. ಯಾಕೆ ಎಂದು ಕೇಳಿದರೆ ಉತ್ತರವೂ ಒಂದೇ. "ಮ್ಯಾಥ್ಸ್ ಅಂದ್ರೆ ಭಯ ಮೇಡಂ. ಇಷ್ಟ ಇರೋದನ್ನೆಲ್ಲ ಮೊದ್ಲು ಮುಗಿಸಿಬಿಡ್ತೀನಿ."

ನಾನು ಉತ್ತರ ಕ್ಯಾಲಿಫೋರ್ನಿಯಾದ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಕೌನ್ಸೆಲರ್. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವವರಿಗೆ ಯಾವ ಕೋರ್ಸ್ ಯಾವಾಗ ತಗೋಬೇಕು ಎಂದು ಹೇಳುವುದು ನನ್ನ ಕೆಲಸ. ಸೈಕಾಲಜಿ, ಸೋಷಿಯಾಲಜಿ, ಆಂತ್ರೊಪಾಲಜಿ ಎಲ್ಲ ಸೇರಿದ ಬಿಹೇವಿಯರಲ್ ಸೈನ್ಸಸ್ ವಿದ್ಯಾರ್ಥಿಗಳೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಫ್ರೀಮಾಂಟ್, ಮಿಲ್ಪಿಟಾಸ್ ಕಡೆಯ ಕನ್ನಡದ ಮನೆಗಳಿಂದಲೂ ಬರುತ್ತಾರೆ. ಕೆಲವರು ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಇನ್ನು ಕೆಲವರು ಗಂಡನ ಕೆಲಸಕ್ಕಾಗಿ ಊರು ಬಿಟ್ಟು ಬಂದು, ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಓದಲು ಹೊರಟ ಹೆಣ್ಣುಮಕ್ಕಳು. ಇವರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಅದಕ್ಕೇ, ಇವರೂ ಇದೇ ತಪ್ಪು ಮಾಡಿದಾಗ ಸಂಕಟವೂ ಜಾಸ್ತಿ.

ಯೂನಿಟ್ ಅಂದರೇನು, ಫೀಸ್ ಎಷ್ಟು, ಇಲ್ಲಿಯ ರೆಸಿಡೆಂಟ್ ಆಗುವುದು ಹೇಗೆ, ಇವೆಲ್ಲ ಕಾಲೇಜಿನ ಕೌಂಟರ್‌ನಲ್ಲೇ ಹೇಳುತ್ತಾರೆ. ನಾನು ಇವತ್ತು ಹೇಳುವುದು ಕೋರ್ಸುಗಳ ಸರಪಳಿಯ ವಿಷಯ. ದಯವಿಟ್ಟು ನಿಧಾನವಾಗಿ ಓದಿ, ಯಾಕೆಂದರೆ ಎದುರಿಗೆ ಕೂತು ಹೇಳಿದಾಗ ತಲೆಯಾಡಿಸಿ ಹೋಗುತ್ತಾರೆ, ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಪ್ಲಾನ್ ಹಿಡಿದು ಬರುತ್ತಾರೆ.

ಸೈಕಾಲಜಿಯಲ್ಲಿ ಟ್ರಾನ್ಸ್‌ಫರ್‌ಗೆಂದೇ ಮಾಡಿದ ಅಸೋಸಿಯೇಟ್ ಡಿಗ್ರಿ ಇದೆ. ಇಲ್ಲಿ ಅದನ್ನು ಎಎ-ಟಿ ಎನ್ನುತ್ತಾರೆ. ಒಟ್ಟು 60 ಸೆಮಿಸ್ಟರ್ ಯೂನಿಟ್, ಯೂನಿಟ್ ಅಂದರೆ ಊರಿನ ಕ್ರೆಡಿಟ್ ಇದ್ದ ಹಾಗೆ. ಅದರ ತಿರುಳು ಮೂರು ಕೋರ್ಸ್: ಇಂಟ್ರೊಡಕ್ಷನ್ ಟು ಸೈಕಾಲಜಿ, ಸ್ಟ್ಯಾಟಿಸ್ಟಿಕ್ಸ್, ರಿಸರ್ಚ್ ಮೆಥಡ್ಸ್ (ಅಧ್ಯಯನ ಮಾಡುವ ವಿಧಾನಗಳು). ರಿಸರ್ಚ್ ಮೆಥಡ್ಸ್‌ಗೆ ಸೇರಬೇಕಾದರೆ ಮೊದಲಿನ ಎರಡೂ ಆಗಿರಬೇಕು ಎಂದು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಇದು ಸಲಹೆಯಲ್ಲ, ನಿಯಮ. ಆಗಿಲ್ಲದಿದ್ದರೆ ಸಿಸ್ಟಮ್ ರಿಜಿಸ್ಟರ್ ಮಾಡಲು ಬಿಡುವುದಿಲ್ಲ.

ಈಗ ಲೆಕ್ಕ ಹಾಕಿ. ಸ್ಟ್ಯಾಟಿಸ್ಟಿಕ್ಸ್ ನಾಲ್ಕನೆಯ ಸೆಮಿಸ್ಟರ್‌ನಲ್ಲಿ ತಗೊಂಡರೆ ರಿಸರ್ಚ್ ಮೆಥಡ್ಸ್ ಐದನೆಯದರಲ್ಲಿ. ಚಿಕ್ಕ ಕಾಲೇಜುಗಳಲ್ಲಿ ರಿಸರ್ಚ್ ಮೆಥಡ್ಸ್‌ಗೆ ಒಂದೇ ಸೆಕ್ಷನ್ ಇರಬಹುದು, ಅದೂ ವರ್ಷಕ್ಕೊಮ್ಮೆ. ಆ ಸೆಮಿಸ್ಟರ್‌ನಲ್ಲಿ ಇಲ್ಲದಿದ್ದರೆ ಆರನೆಯದಕ್ಕೆ ಕಾಯಬೇಕು. ಎರಡು ವರ್ಷದ ಡಿಗ್ರಿ ಮೂರು ವರ್ಷ ಆಯಿತು. ಬೇರೆ ಎಲ್ಲ ಕೋರ್ಸ್ ಮುಗಿಸಿ, ಎಲ್ಲದರಲ್ಲೂ ಎ ತಗೊಂಡು, ಒಂದೇ ಒಂದು ಕೋರ್ಸಿಗೋಸ್ಕರ ಒಂದು ವರ್ಷ ಕೂತ ಮಕ್ಕಳನ್ನು ನೋಡಿದ್ದೇನೆ. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳು, ಅಲ್ಲಿ 90 ಕ್ವಾರ್ಟರ್ ಯೂನಿಟ್ ಲೆಕ್ಕ. ಹೆಸರು ಬೇರೆ, ಸರಪಳಿ ಅದೇ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೂ (ಯುಸಿ), ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಿಗೂ ಮುಂದಿನ ವರ್ಷದ ಅರ್ಜಿ ಹಾಕುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಎರಡು ವರ್ಷದಲ್ಲಿ ಮುಗಿಸುವವರಿಗೆ ಅದು ಮೂರನೆಯ ಸೆಮಿಸ್ಟರ್. ಎರಡೂ ಕಡೆ ಗಣಿತದ ಒಂದು ಕೋರ್ಸ್ ಸೇರುವ ಮುಂಚಿನ ಸ್ಪ್ರಿಂಗ್ (ಜನವರಿಯಿಂದ ಮೇವರೆಗಿನ ಸೆಮಿಸ್ಟರ್) ಒಳಗೆ ಮುಗಿದಿರಬೇಕು. ನಮ್ಮ ಮಕ್ಕಳಿಗೆ ಆ ಗಣಿತದ ಕೋರ್ಸ್ ಅಂದರೆ ಸ್ಟ್ಯಾಟಿಸ್ಟಿಕ್ಸೇ. ಕೊನೆಯ ಸ್ಪ್ರಿಂಗ್‌ನಲ್ಲಿ ತಗೊಂಡರೂ ನಿಯಮದ ಪ್ರಕಾರ ನಡೆಯುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಸೆಮಿಸ್ಟರ್‌ನಲ್ಲಿ ಹುಷಾರು ತಪ್ಪಿದರೆ? ಮನೆಯಲ್ಲಿ ಏನಾದರೂ ಆದರೆ? ಅರ್ಧಕ್ಕೆ ಬಿಟ್ಟರೆ ಕೈಗೆ ಬಂದ ಸೀಟು ವಾಪಸ್ ಹೋಗಬಹುದು. ಮೊದಲ ವರ್ಷದಲ್ಲಿ ತಗೊಂಡಿದ್ದರೆ ಇನ್ನೊಮ್ಮೆ ಓದಲು ಸಮಯ ಇರುತ್ತದೆ. ನಾನು ಕೇಳುವುದು ಇಷ್ಟೇ, ಭಯ ಇರುವ ಕೋರ್ಸಿಗೆ ಜಾಸ್ತಿ ಸಮಯ ಕೊಡಬೇಕೋ ಕಡಿಮೆ ಕೊಡಬೇಕೋ?

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎಎ-ಟಿ ಮಾಡಿದರೆ ಸೀಟು ಗ್ಯಾರಂಟಿ ಎಂದು ನೀವು ಕೇಳಿರುತ್ತೀರಿ. 2010ರ ಎಸ್‌ಬಿ 1440 ಕಾನೂನಿನಿಂದ ಬಂದ ಸೌಲಭ್ಯ ಅದು. ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಕೊಡುತ್ತಾರೆ ಎನ್ನುವುದಷ್ಟೇ ಅದರ ಅರ್ಥ. ಮನೆ ಹತ್ತಿರದ ಸ್ಯಾನ್ ಹೊಸೆ ಸ್ಟೇಟ್‌ನಲ್ಲೇ ಕೊಡುತ್ತಾರೆ ಎಂದಲ್ಲ. ಆ ಗ್ಯಾರಂಟಿಯೂ ಡಿಗ್ರಿ ಪೂರ್ತಿ ಮುಗಿಸಿದವರಿಗೆ ಮಾತ್ರ. ಅಂದರೆ ರಿಸರ್ಚ್ ಮೆಥಡ್ಸ್ ಮುಗಿಸಿರಬೇಕು, ಅಂದರೆ ಅದಕ್ಕೂ ಮೊದಲು ಸ್ಟ್ಯಾಟಿಸ್ಟಿಕ್ಸ್. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಕೆಲವರು ಇದನ್ನು ತಪ್ಪಿಸಿಕೊಳ್ಳಲು ಬೇರೆ ದಾರಿ ಹಿಡಿಯುತ್ತಾರೆ. "ಸೋಷಿಯಲ್ ಅಂಡ್ ಬಿಹೇವಿಯರಲ್ ಸೈನ್ಸಸ್" ಎಂಬ ಹೆಸರಿನ ಸಾಮಾನ್ಯ ಎಎ ಡಿಗ್ರಿ ಹಲವು ಕಾಲೇಜುಗಳಲ್ಲಿದೆ. ಒಂದಿಷ್ಟು ಸೈಕಾಲಜಿ, ಒಂದಿಷ್ಟು ಸೋಷಿಯಾಲಜಿ, ಆಂತ್ರೊಪಾಲಜಿ, ಹೀಗೆ ಆರಿಸಿಕೊಂಡು ಓದಬಹುದು. ಒಳ್ಳೆಯ ಡಿಗ್ರಿಯೇ. ಯಾವ ವಿಷಯಕ್ಕೆ ಹೋಗಬೇಕು ಎಂದು ಇನ್ನೂ ಗೊತ್ತಿಲ್ಲದವರಿಗೆ ನಾನೇ ಹೇಳುವುದುಂಟು. ಆದರೆ ಅದರಲ್ಲಿ ರಿಸರ್ಚ್ ಮೆಥಡ್ಸ್ ಕಡ್ಡಾಯ ಇಲ್ಲ ಎಂದು ಸೇರಿಕೊಂಡು, ಮುಂದೆ ಸೈಕಾಲಜಿ ಮೇಜರ್ ಮಾಡಲು ಹೋದರೆ ಮೂರನೆಯ ವರ್ಷದಲ್ಲಿ ಆ ಕೋರ್ಸುಗಳು ಕಾದಿರುತ್ತವೆ. ಅಲ್ಲಿ ಕ್ಲಾಸು ದೊಡ್ಡದು, ಫೀಸು ಜಾಸ್ತಿ. ಕೆಲವು ಯುಸಿ ಕ್ಯಾಂಪಸ್‌ಗಳು ಸೈಕಾಲಜಿಗೆ ಬಯಾಲಜಿ, ಕ್ಯಾಲ್ಕ್ಯುಲಸ್ ಕೂಡ ಕೇಳುತ್ತವೆ. ಒಂದೊಂದು ಕ್ಯಾಂಪಸ್‌ದೂ ಒಂದೊಂದು ನಿಯಮ, ವರ್ಷ ವರ್ಷ ಬದಲಾಗುತ್ತದೆ. ಅಸಿಸ್ಟ್ ಎಂಬ ಅಧಿಕೃತ ತಾಣದಲ್ಲಿ ನಿಮ್ಮ ಕಾಲೇಜು ಮತ್ತು ನೀವು ಹೋಗಬೇಕೆಂದಿರುವ ಕ್ಯಾಂಪಸ್ ಎರಡನ್ನೂ ಹಾಕಿ ನೋಡಿ. ಗೆಳೆಯರ ಮಾತು ನಂಬಿ ಕೋರ್ಸ್ ಆರಿಸಬೇಡಿ.

ಭಯದ ವಿಷಯಕ್ಕೆ ಬರೋಣ. ಸ್ಟ್ಯಾಟಿಸ್ಟಿಕ್ಸ್‌ಗೆ ಮುಂಚೆ ಎರಡು ಮೂರು ಸೆಮಿಸ್ಟರ್ ಆಲ್ಜಿಬ್ರಾ ಓದಬೇಕು ಎಂದು ಈಗಲೂ ಬಹಳ ಜನ ತಿಳಿದಿದ್ದಾರೆ. ಅದು ಹಳೆಯ ಕಾಲದ ಮಾತು. 2017ರ ಎಬಿ 705, ಆಮೇಲೆ 2022ರ ಎಬಿ 1705 ಕಾನೂನುಗಳು ಬಂದ ಮೇಲೆ ಹೈಸ್ಕೂಲ್ ಮುಗಿಸಿದವರು ಸಾಮಾನ್ಯವಾಗಿ ನೇರ ಸ್ಟ್ಯಾಟಿಸ್ಟಿಕ್ಸ್‌ಗೇ ಸೇರಬಹುದು. ಕಷ್ಟ ಎನಿಸಿದರೆ ಜೊತೆಗೊಂದು ಸಪೋರ್ಟ್ ಕ್ಲಾಸ್ ಕೊಡುತ್ತಾರೆ. ದಯವಿಟ್ಟು ನಾಚಿಕೆ ಬಿಟ್ಟು ತಗೊಳ್ಳಿ. ಅದರಲ್ಲಿ ಕೂತವರು ದಡ್ಡರಲ್ಲ. 2025ರ ಫಾಲ್‌ನಿಂದ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಈ ಕೋರ್ಸಿಗೆ ರಾಜ್ಯದ ಕಮ್ಯೂನಿಟಿ ಕಾಲೇಜುಗಳಿಗೆಲ್ಲ ಒಂದೇ ನಂಬರ್ ಬಂದಿದೆ, ಸ್ಟ್ಯಾಟ್ ಸಿ1000. ಹುಡುಕುವುದು ಸುಲಭವಾಗಿದೆ.

ದಾವಣಗೆರೆಯಲ್ಲಿ ಬಿಕಾಂ ಮಾಡಿ ಬಂದ ಒಬ್ಬರಿದ್ದರು. ಕೌನ್ಸೆಲಿಂಗ್ ಓದಬೇಕೆಂಬ ಆಸೆ. ಮನೆಯಲ್ಲಿ, ದೇವಸ್ಥಾನದಲ್ಲಿ, ಪಾರ್ಕಿನಲ್ಲಿ, ಎಲ್ಲಿ ಹೋದರೂ ಹೆಂಗಸರು ತಮ್ಮ ಕಷ್ಟವನ್ನು ಇವರ ಹತ್ತಿರ ಹೇಳಿಕೊಳ್ಳುತ್ತಿದ್ದರಂತೆ. ಕೂತು ಕೇಳುವ ಗುಣ ಅವರಲ್ಲಿ ನಿಜವಾಗಿಯೂ ಇತ್ತು. "ಅಂಕಿ ನೋಡಿದ್ರೆ ನನ್ ಕೈಕಾಲು ನಡುಗುತ್ತೆ ಮೇಡಂ" ಎಂದರು. ಅಲ್ಲಮ್ಮಾ, ಬಿಕಾಂನಲ್ಲಿ ಅಂಕಿ ಬಿಟ್ಟು ಬೇರೆ ಏನು ಓದಿದಿರಿ ಎಂದೆ. ಅಲ್ಲಿ ಸೂತ್ರ ಬಾಯಿಪಾಠ ಮಾಡಿ ಬರೆದೆವು, ಯಾಕೆ ಎಂದು ಯಾರೂ ಹೇಳಲಿಲ್ಲ ಎಂದರು. ಎರಡನೆಯ ಸೆಮಿಸ್ಟರ್‌ನಲ್ಲೇ ಹಾಕಿಸಿದೆ. ನನ್ನ ಮೇಲೆ ಸಿಟ್ಟಾದರು. ಅರ್ಧ ಸೆಮಿಸ್ಟರ್ ಕಳೆದ ಮೇಲೆ ಒಂದು ದಿನ ಬಂದು, ವಾಟ್ಸಾಪ್‌ನಲ್ಲಿ ಬಂದ ಯಾವುದೋ ಸುದ್ದಿ ತೋರಿಸಿದರು. ಇಂಥ ತಿಂಡಿ ತಿಂದ ಮಕ್ಕಳಿಗೆ ಮಾರ್ಕ್ಸ್ ಜಾಸ್ತಿ ಎಂದಿತ್ತು. "ಎಷ್ಟು ಮಕ್ಕಳನ್ನ ನೋಡಿದ್ರಂತೆ? ಯಾರ ಜೊತೆ ಹೋಲಿಸಿದ್ರಂತೆ? ಒಂದೂ ಬರೆದಿಲ್ಲ ನೋಡಿ" ಎಂದು ಅವರೇ ಕೇಳಿದರು. ನನಗೆ ಆ ದಿನ ಆದ ಸಂತೋಷ ದೊಡ್ಡದು.

ಸ್ಟ್ಯಾಟಿಸ್ಟಿಕ್ಸ್ ಎಂದರೆ ಸೈಕಾಲಜಿಗೆ ಹೋಗುವ ದಾರಿಯಲ್ಲಿ ಕಟ್ಟಬೇಕಾದ ಸುಂಕ ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಮನುಷ್ಯರ ನಡವಳಿಕೆಯ ಬಗ್ಗೆ ನಮ್ಮ ಕಣ್ಣು ಎಷ್ಟು ಸಲೀಸಾಗಿ ಮೋಸ ಹೋಗುತ್ತದೆ ಎಂದು ಕಲಿಸುವುದೇ ಈ ಕೋರ್ಸ್.

2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಸೈಕಾಲಜಿಸ್ಟ್ ಡೇನಿಯಲ್ ಕಾನೆಮನ್ ಹೇಳಿದ ಒಂದು ಪ್ರಸಂಗವಿದೆ. ಅವರು ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವವರಿಗೆ ಪಾಠ ಮಾಡುತ್ತಿದ್ದರು. ಬೈಯುವುದಕ್ಕಿಂತ ಹೊಗಳಿದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದರು. ಒಬ್ಬ ಹಿರಿಯ ತರಬೇತುದಾರ ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಚೆನ್ನಾಗಿ ಹಾರಿಸುತ್ತಾನೆ, ಇದು ನಾನು ಕಣ್ಣಾರೆ ನೋಡಿದ್ದು ಎಂದ. ಅವನು ನೋಡಿದ್ದು ಸುಳ್ಳಲ್ಲ. ಆದರೆ ಒಂದು ಹಾರಾಟದಲ್ಲಿ ಕೌಶಲವೂ ಇರುತ್ತದೆ, ಆ ದಿನದ ಅದೃಷ್ಟವೂ ಇರುತ್ತದೆ. ತುಂಬ ಚೆನ್ನಾಗಿ ಆದ ದಿನ ಅದೃಷ್ಟ ಕೈ ಹಿಡಿದಿರುತ್ತದೆ, ತುಂಬ ಕೆಟ್ಟ ದಿನ ಕೈ ಕೊಟ್ಟಿರುತ್ತದೆ. ಮಾರನೆಯ ಸಲ ಯಾರೂ ಏನೂ ಹೇಳದಿದ್ದರೂ ಅವನು ತನ್ನ ಎಂದಿನ ಮಟ್ಟದ ಹತ್ತಿರಕ್ಕೇ ಬರುತ್ತಾನೆ. ಬೈಗುಳಕ್ಕೆ ಸುಮ್ನೆ ಹೆಸರು ಬಂತು. ಅಪ್ಪ ಅಮ್ಮಂದಿರ ಎತ್ತರಕ್ಕೂ ಮಕ್ಕಳ ಎತ್ತರಕ್ಕೂ ಇರುವ ಸಂಬಂಧದಲ್ಲಿ ಇದನ್ನೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ್ದರು. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಇದಕ್ಕೆ ರಿಗ್ರೆಷನ್ ಎನ್ನುತ್ತಾರೆ.

"ಹೊಗಳಿದ್ರೆ ತಲೆ ಮೇಲೆ ಕೂರ್ತಾನೆ, ಬೈದ್ರೇನೇ ಬುದ್ಧಿ ಬರೋದು" ಎಂದು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಇದೇ ಪ್ರಸಂಗವನ್ನು ನಾನು ಪೋಷಕರಿಗೂ ಹೇಳುತ್ತೇನೆ. ಕೆಲವರು ಮೌನವಾಗಿಬಿಡುತ್ತಾರೆ. ನಾಳೆ ನಿಮ್ಮ ಮಗಳೇ ಕೌನ್ಸೆಲರ್ ಆಗಿ ಕೂತಾಗ ಇಂಥ ಅಪ್ಪ ಅಮ್ಮ ಅವಳ ಎದುರಿಗೆ ಬರುತ್ತಾರೆ. ಇದು ಗೊತ್ತಿಲ್ಲದಿದ್ದರೆ ಅವಳೂ ಹೌದು ಹೌದು ಎಂದುಬಿಡುತ್ತಾಳೆ.

ಸೈಕಾಲಜಿ ಓದಿದವರೆಲ್ಲ ಇದನ್ನು ಸರಿಯಾಗಿ ಮಾಡಿಕೊಂಡು ಬಂದಿದ್ದಾರೆ ಎಂದೂ ಅಲ್ಲ. 2015ರಲ್ಲಿ ಒಂದು ದೊಡ್ಡ ಗುಂಪು ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೊದಲ ಸಲ 97ರಷ್ಟು ಪ್ರತಿಶತ ಅಧ್ಯಯನಗಳಲ್ಲಿ ಸಿಕ್ಕಿದ್ದ ಫಲಿತಾಂಶ ಎರಡನೆಯ ಸಲ ಸಿಕ್ಕಿದ್ದು 36 ಪ್ರತಿಶತದಲ್ಲಿ ಮಾತ್ರ. ಸ್ವಲ್ಪವೇ ಜನರನ್ನು ನೋಡಿ ದೊಡ್ಡ ಮಾತು ಆಡಿದ್ದು ಅದಕ್ಕೆ ಒಂದು ಕಾರಣ. ಪಠ್ಯಪುಸ್ತಕದಲ್ಲಿ ಇದೆ ಎಂದ ಮಾತ್ರಕ್ಕೆ ನಂಬಬೇಕೇ ಬೇಡವೇ ಎಂದು ತೂಗಿ ನೋಡಲು ಮಕ್ಕಳ ಕೈಯಲ್ಲಿ ಏನಾದರೂ ಇರಬೇಕಲ್ಲ. ಸ್ಟ್ಯಾಟಿಸ್ಟಿಕ್ಸ್ ಮೊದಲೇ ಓದಿದವರು ಸೋಷಿಯಲ್ ಸೈಕಾಲಜಿ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಕೊನೆಗೆ ಓದಿದವರು ಅಷ್ಟೂ ಕ್ಲಾಸುಗಳನ್ನು ಕಥೆ ಕೇಳಿದ ಹಾಗೆ ಕೇಳಿ ಮುಗಿಸಿರುತ್ತಾರೆ.

"ನಮ್ ಕಾಲದಲ್ಲಿ ಸೈಕಾಲಜಿ ಅಂದ್ರೆ ಆರ್ಟ್ಸ್" ಎನ್ನುವ ಮೈಸೂರಿನ ಹಿರಿಯರಿಗೆ ನಾನು ಎಂ.ವಿ. ಗೋಪಾಲಸ್ವಾಮಿ ಅವರನ್ನು ನೆನಪಿಸುತ್ತೇನೆ. ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದವರು ಎಂದು ಎಲ್ಲರಿಗೂ ಗೊತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಕಟ್ಟಿದವರೂ ಅವರೇ. ಅವರು ಲಂಡನ್ನಿನಲ್ಲಿ ಓದಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ. ಮಕ್ಕಳ ಬುದ್ಧಿಮತ್ತೆಯನ್ನು ಅಂಕಿಗಳಿಂದ ಅಳೆಯಲು ಹೊರಟು ಸ್ಟ್ಯಾಟಿಸ್ಟಿಕ್ಸ್‌ಗೇ ಹೊಸ ವಿಧಾನ ಕೊಟ್ಟವರು ಸ್ಪಿಯರ್‌ಮನ್. ನಮ್ಮೂರಿಗೆ ಸೈಕಾಲಜಿ ಬಂದದ್ದೇ ಅಂಕಿ ಸಂಖ್ಯೆಯ ಮನೆಯಿಂದ.

ಥೆರಪಿಸ್ಟ್ ಆಗಬೇಕು ಎನ್ನುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಸೋಸಿಯೇಟ್ ಡಿಗ್ರಿಯಿಂದ ಲೈಸೆನ್ಸ್ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್ ಆಗಲು ಮಾಸ್ಟರ್ಸ್ ಡಿಗ್ರಿ, 3,000 ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ, ಆಮೇಲೆ ಪರೀಕ್ಷೆ. ದಾರಿ ಉದ್ದ ಇದೆ. ಶುರುವಿನಲ್ಲೇ ಒಂದು ವರ್ಷ ಕಳೆದುಕೊಳ್ಳಬೇಡಿ ಎನ್ನುವುದು ಅದಕ್ಕೇ.

ಹಾಗಾದರೆ ಯಾವಾಗ ತಗೋಬೇಕು? ನನ್ನ ಮಟ್ಟಿಗೆ ಮೊದಲ ಅಥವಾ ಎರಡನೆಯ ಸೆಮಿಸ್ಟರ್. ಅದೇ ಸೆಮಿಸ್ಟರ್‌ನಲ್ಲಿ ಬಯಾಲಜಿ ಲ್ಯಾಬ್‌ನಂಥ ಇನ್ನೊಂದು ಭಾರದ ಕೋರ್ಸ್ ಬೇಡ. ಕೆಲಸ ಮಾಡಿಕೊಂಡು ಓದುವವರು ಎರಡೇ ಕೋರ್ಸ್ ತಗೊಂಡರೂ ಅದರಲ್ಲಿ ಇದೊಂದಿರಲಿ. "ಬೇಸಿಗೆಯಲ್ಲಿ ಆರು ವಾರದಲ್ಲಿ ಮುಗಿಸಿಬಿಡ್ಲಾ ಮೇಡಂ?" ಎಂದು ಕೇಳುತ್ತಾರೆ. ಗಣಿತ ಸಲೀಸು ಎನ್ನುವವರು ಮುಗಿಸಬಹುದು. ಭಯ ಇರುವವರಿಗೆ ಬೇಡವೇ ಬೇಡ. ಇಡೀ ಸೆಮಿಸ್ಟರ್‌ನ ಪಾಠವನ್ನು ಆರು ವಾರದಲ್ಲಿ ಓಡಿಸುತ್ತಾರೆ. ಎರಡು ದಿನ ಜ್ವರ ಬಂದು ಮಲಗಿದರೆ ಒಂದು ಅಧ್ಯಾಯವೇ ಹೋಗಿರುತ್ತದೆ.

ಊರಿನಲ್ಲಿ ಡಿಗ್ರಿ ಮಾಡಿ ಬಂದವರು ಮಾತ್ರ ಒಂದು ಕೆಲಸ ಮೊದಲು ಮಾಡಿ. ಅಲ್ಲಿ ಓದಿದ ಸ್ಟ್ಯಾಟಿಸ್ಟಿಕ್ಸ್ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಕಾಲೇಜಿನ ಮೇಲೂ, ಮುಂದೆ ಸೇರುವ ಯೂನಿವರ್ಸಿಟಿಯ ಮೇಲೂ ನಿಂತಿರುತ್ತದೆ. ನಮ್ಮ ಕಾಲೇಜು ಒಪ್ಪಿದ್ದನ್ನು ಅವರು ಒಪ್ಪದೇ ಇರಬಹುದು. ವಿದೇಶದ ಮಾರ್ಕ್ಸ್ ಕಾರ್ಡನ್ನು ಪರಿಶೀಲಿಸಿ ವರದಿ ಕೊಡುವ ಸಂಸ್ಥೆಗಳಿವೆ, ಯಾವುದರ ವರದಿ ನಡೆಯುತ್ತದೆ ಎಂದು ಕಾಲೇಜಿನಲ್ಲೇ ಕೇಳಿಕೊಳ್ಳಿ. ವರದಿ ಬರಲು ವಾರಗಟ್ಟಲೆ ಹಿಡಿಯಬಹುದು. ಆದ್ದರಿಂದ ಮೊದಲ ಅಪಾಯಿಂಟ್‌ಮೆಂಟ್‌ಗೆ ಬರುವಾಗಲೇ ಎಲ್ಲ ವರ್ಷಗಳ ಮಾರ್ಕ್ಸ್ ಕಾರ್ಡ್ ತನ್ನಿ, ಸಿಲಬಸ್ ಸಿಕ್ಕಿದರೆ ಅದನ್ನೂ ತನ್ನಿ. ರಿಜಿಸ್ಟ್ರೇಷನ್ ಶುರುವಾದ ಮೇಲೆ ಬಂದರೆ ಸ್ಟ್ಯಾಟಿಸ್ಟಿಕ್ಸ್ ಸೆಕ್ಷನ್‌ಗಳು ತುಂಬಿ ವೇಟ್‌ಲಿಸ್ಟ್‌ನಲ್ಲಿ ನಿಲ್ಲಬೇಕಾಗುತ್ತದೆ.