ಹಿತ್ತಲಿನ ತರಗೆಲೆಗೆ ಬೆಂಕಿ ಹಚ್ಚಬಹುದೇ?

ಓದುಗರ ಪ್ರಶ್ನೆ: ಹಿತ್ತಲು ಗುಡಿಸಿದಾಗ ಸಿಗುವ ತರಗೆಲೆ, ಕಡಿದ ರೆಂಬೆ, ಕಿತ್ತ ಕಳೆ ಇವನ್ನೆಲ್ಲ ಅಲ್ಲಿಯೇ ಸುಟ್ಟುಹಾಕಿದರೆ ತಪ್ಪೇನು? ಬೂದಿ ಗಿಡಗಳಿಗೆ ಗೊಬ್ಬರವೂ ಆಗುತ್ತದಲ್ಲವೇ?

ಉತ್ತರ: ಎಲ್ಲ ಊರುಗಳಿಗೂ ಅನ್ವಯಿಸುವ ಒಂದೇ ನಿಯಮ ಈ ವಿಷಯದಲ್ಲಿಲ್ಲ. ಹಲವು ನಗರಗಳಲ್ಲಿ ಅಂಗಳದ ಕಸಕ್ಕೆ ಬೆಂಕಿ ಹಚ್ಚುವುದು ದಂಡ ತೆರಬೇಕಾದ ಅಪರಾಧ. ಕೆಲವೆಡೆ ಮುಂಚಿತವಾಗಿ ಅನುಮತಿ ಪಡೆದು, ಹಗಲಿನಲ್ಲಿ ಗೊತ್ತುಪಡಿಸಿದ ಹೊತ್ತಿನೊಳಗೆ ಸುಡಬಹುದು, ಒಣಹವೆಯ ದಿನಗಳಲ್ಲಿ ಆ ಅನುಮತಿಯನ್ನೂ ತಡೆಹಿಡಿಯುತ್ತಾರೆ. ಆದ್ದರಿಂದ ಸ್ಥಳೀಯ ಆಡಳಿತವನ್ನೋ ಅಗ್ನಿಶಾಮಕ ಠಾಣೆಯನ್ನೋ ವಿಚಾರಿಸದೆ ಕಡ್ಡಿ ಗೀರಬಾರದು. ಅನುಮತಿ ಇರುವಲ್ಲಿಯೂ ಅದು ಸಾಮಾನ್ಯವಾಗಿ ಗಿಡಮರದ ಕಸಕ್ಕೆ ಮಾತ್ರ. ರಾಶಿಯೊಳಗೆ ಸೇರಿಕೊಂಡ ಪಿವಿಸಿ ಪೈಪಿನ ತುಂಡು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟಬಹುದು. 2001ರ ಸ್ಟಾಕ್‌ಹೋಮ್ ಒಪ್ಪಂದವು ಬಯಲಿನಲ್ಲಿ ಕಸ ಸುಡುವುದನ್ನು ಇಂತಹ ವಿಷಗಳ ಮೂಲವೆಂದು ಹೆಸರಿಸಿಯೇ ಹೇಳಿದೆ. ಬಣ್ಣ ಬಳಿದ ಅಥವಾ ಗೆದ್ದಲು ಹಿಡಿಯದಂತೆ ರಾಸಾಯನಿಕ ಹಚ್ಚಿದ ಮರವನ್ನೂ ಸುಡಬಾರದು. ಕಣಗಿಲೆಯ ರೆಂಬೆಗಳ ಹೊಗೆ ಕೂಡ ವಿಷವೇ.

ಇಷ್ಟೆಲ್ಲ ಬೇರ್ಪಡಿಸಿದ ಮೇಲೆ ಉಳಿಯುವುದು ಬರೀ ಎಲೆಯಲ್ಲವೇ ಎನ್ನುವವರು ಒಮ್ಮೆ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ನೋಡಬೇಕು. ಮೇಲಿನ ಎಲೆ ಗರಿಗರಿಯಾಗಿ ಪುಡಿಯಾಗುತ್ತದೆ. ಒಳಗಿನದು ತಣ್ಣಗೆ, ಒಂದಕ್ಕೊಂದು ಅಂಟಿಕೊಂಡು, ಬೆರಳಿಗೆ ಹಸಿ ಹತ್ತಿಸುತ್ತದೆ. ಹಸಿ ಎಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ಕಾವು ಏರುವುದಿಲ್ಲ, ಒತ್ತಾಗಿ ಬಿದ್ದ ಎಲೆಗಳ ನಡುವೆ ಗಾಳಿಯೂ ಆಡುವುದಿಲ್ಲ; ಹೀಗಾಗಿ ಎಲೆಯಿಂದ ಹೊರಡುವ ಅನಿಲಗಳು ಉರಿಯಾಗದೆ ದಟ್ಟವಾದ ಬಿಳಿ ಹೊಗೆಯಾಗಿ ಏಳುತ್ತವೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, 2.5 ಮೈಕ್ರಾನ್‌ಗಿಂತಲೂ ಸಣ್ಣದಾದ, ಅಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನ ಕಣಗಳೂ ಇರುತ್ತವೆ. ಮೂಗು ಗಂಟಲು ತಡೆಯಲಾರದ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇವುಗಳಿಗೆ ಸೂಚಿಸಿದ ಮಿತಿ, ದಿನದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ ಕೇವಲ 15 ಮೈಕ್ರೋಗ್ರಾಂ. ಮುಂಜಾನೆ ಮತ್ತು ಸಂಜೆ ತಂಪು ಗಾಳಿ ನೆಲಕ್ಕೆ ಅಂಟಿಕೊಂಡಿರುವಾಗ ಹೊಗೆ ಮೇಲೇರದೆ ಅಕ್ಕಪಕ್ಕದ ಕಿಟಕಿಗಳಿಗೇ ನುಗ್ಗುತ್ತದೆ. ಹೆಚ್ಚಿನವರು ಕಸ ಸುಡುವುದು ಆ ಹೊತ್ತಿನಲ್ಲಿಯೇ ಎಂಬುದನ್ನು ನಾನು ಬೇಸರದಿಂದಲೇ ಗಮನಿಸಿದ್ದೇನೆ.

ಬೂದಿಯ ಲೆಕ್ಕವೂ ನಾವು ಅಂದುಕೊಂಡಷ್ಟು ಲಾಭದ್ದಲ್ಲ. ಎಲೆಯಲ್ಲಿದ್ದ ಸಾರಜನಕ ಬಹುಪಾಲು ಹೊಗೆಯೊಂದಿಗೆ ಹೋಗಿಬಿಡುತ್ತದೆ. ಪೊಟ್ಯಾಷ್, ಸುಣ್ಣದಂಥವು ಉಳಿಯುತ್ತವೆ. ಹುಳಿ ಮಣ್ಣಿಗೆ ಇದು ಒದಗೀತು, ಆದರೆ ಮೊದಲೇ ಕ್ಷಾರವಾಗಿರುವ ಮಣ್ಣಿಗೆ ಸುರಿದರೆ ಗಿಡಕ್ಕೆ ಕಬ್ಬಿಣದಂಶ ದಕ್ಕದೆ ಚಿಗುರು ಹಳದಿಗಟ್ಟುತ್ತದೆ. ಅದೇ ಎಲೆಯನ್ನು ಗಿಡದ ಬುಡಕ್ಕೆ ಹೊದಿಸಿದರೆ, ಇಲ್ಲವೇ ಹಸಿ ಕಳೆಯೊಂದಿಗೆ ಪದರಪದರವಾಗಿ ಗುಂಡಿಗೆ ತುಂಬಿ ಕೊಳೆಸಿದರೆ, ಸಾರಜನಕ ಬಹುಮಟ್ಟಿಗೆ ಹಿತ್ತಲಿನಲ್ಲಿಯೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಎಲೆಯನ್ನು ಸುಡುವ ಅಗತ್ಯ ಬರುವುದೇ ಇಲ್ಲ. ರೋಗ ಹಿಡಿದ ರೆಂಬೆ, ಕೊಳೆಯದ ಮುಳ್ಳುಕಂಟಿ ಇಂಥವಕ್ಕೆ ಮಾತ್ರ, ಅದೂ ಅನುಮತಿ ಇದ್ದಲ್ಲಿ, ಬೆಂಕಿಯ ಮಾತು ಎತ್ತಬಹುದು.

ಅಂಥ ರೆಂಬೆಗಳನ್ನು ಬಗ್ಗಿಸಿದರೆ ಲಟಕ್ಕನೆ ಮುರಿಯುವಷ್ಟು ಒಣಗಿಸಿರಬೇಕು. ಮನೆ, ಬೇಲಿ, ಗ್ಯಾಸ್ ಸಿಲಿಂಡರ್, ತಲೆಯ ಮೇಲಿನ ತಂತಿ ಮತ್ತು ಕೊಂಬೆಗಳಿಂದ ದೂರವಿರುವ ಜಾಗ ಬೇಕು. ನಿಯಮದಲ್ಲಿ ಅಳತೆ ಹೇಳದಿದ್ದರೂ ಕಟ್ಟಡಗಳಿಂದ 15 ಮೀಟರ್‌ಗೆ ಕಡಿಮೆ ಮಾಡಬೇಡಿ. ಸುತ್ತಲಿನ ಹುಲ್ಲನ್ನು ಕೆರೆದು ಬರಿಮಣ್ಣು ಕಾಣಿಸಿ, ಬೆಂಕಿ ಹಚ್ಚುವ ಮೊದಲೇ ನೀರಿನ ಪೈಪು ಮತ್ತು ಸಲಿಕೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಗಾಳಿ ಬೀಸುವ ದಿನ ಕೆಲಸವನ್ನು ಮುಂದೂಡಿ. ಸಣ್ಣ ರಾಶಿಯಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಒಡ್ಡುತ್ತಾ ಹೋಗಬೇಕು. ಪೆಟ್ರೋಲ್ ಸುರಿಯುವುದಂತೂ ಬೇಡವೇ ಬೇಡ: ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ, ಕಡ್ಡಿ ಗೀರಿದವರ ಕಾಲಬುಡದಲ್ಲಿಯೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬಿದಿರಿನ ಗೆಣ್ಣುಗಳನ್ನು ಸೀಳದೆ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯುತ್ತವೆ.

ಉರಿ ತಗ್ಗಿದೊಡನೆ ಒಳಗೆ ಹೋಗಿಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ: ಬೂದಿ ಶಾಖವನ್ನು ಹಿಡಿದಿಡುವುದರಿಂದ ಕೆಂಡ ದಿನಗಟ್ಟಲೆ ಜೀವಂತವಾಗಿರಬಹುದು, ಒಣಬೇರಿನ ಗುಂಟ ಮಣ್ಣಿನೊಳಗೇ ಸಾಗಿ ಬೇರೆಡೆ ಏಳಲೂಬಹುದು. ಗಾಳಿ ಬರುವ ಕಡೆ ನಿಂತು ನೀರು ಹಾಕಿ, ಸಲಿಕೆಯಿಂದ ಅಡಿಮೇಲು ಮಾಡಿ, ಚುಂಯ್‌ಗುಟ್ಟುವುದು ನಿಲ್ಲುವವರೆಗೆ ಮತ್ತೆ ಮತ್ತೆ ನೀರು ಹಾಕಿ. ಆಮೇಲೆ ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೆ ಒಯ್ದು ನೋಡಿ. ಕಾವು ತಾಗಿದರೆ ಇನ್ನೊಂದು ಕೊಡ ನೀರು ಬೇಕು. ಬೂದಿಯನ್ನು ಎತ್ತಿಡಬೇಕಿದ್ದರೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ, ಮನೆಯ ಹೊರಗೆ ಇಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅಲ್ಲ.