ಮೊಸಳೆ ಕಾಯುವ ತೊಟ್ಟಿಲು

ಮೈಸೂರಿನ ಪಕ್ಕದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರ ಕಣ್ಣು ಮೊದಲು ಹುಡುಕುವುದು ಮೊಸಳೆಯನ್ನು. ಅದು ಬಂಡೆಯ ಮೇಲೆ ಬಾಯಿ ತೆರೆದು, ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಅಲ್ಲೇ ಮೇಲೆ, ಹೊಳೆಮತ್ತಿ ಮರದ ತುಂಬ ಕೊಕ್ಕರೆಗಳ ಗೂಡು. ಹೋಗಿ ಹೋಗಿ ಮೊಸಳೆಯ ನೆತ್ತಿಯ ಮೇಲೆ ಮರಿ ಮಾಡುವುದಾ?

ಅದರಲ್ಲೇ ಜಾಣತನವಿದೆ. ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿಗಳು ಹೊಳೆ ನಡುವಿನ ಈ ತಿಟ್ಟುಗಳಿಗೆ ಈಜಿಯೇ ಬರಬೇಕು. ನೀರಲ್ಲಿ ಮೊಸಳೆ ಇದೆ! ಗೂಡಿನಿಂದ ಜಾರಿ ಬಿದ್ದ ಮರಿ ಮೊಸಳೆ ಪಾಲಾಗುವುದೂ ಉಂಟು. ಆದರೆ ಇಡೀ ಗೂಡೇ ಬರಿದಾಗುವುದಕ್ಕಿಂತ ಅದು ವಾಸಿ. ಫ್ಲಾರಿಡಾದ ಜೌಗು ಪ್ರದೇಶದಲ್ಲಿ ಆಲಿಗೇಟರ್‌ಗಳಿರುವ ಕಡೆಯೇ ಗೂಡು ಕಟ್ಟುವ ಬೆಳ್ಳಕ್ಕಿಗಳಲ್ಲೂ ಸಂಶೋಧಕರು ಇದನ್ನೇ ಕಂಡಿದ್ದಾರೆ.

ಈ ತಿಟ್ಟುಗಳಿಗೆ ಮನುಷ್ಯರ ಕೈಯೂ ತಾಗಿದೆ. 17ನೇ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಒಡ್ಡು ಕಟ್ಟಿಸಿದರು. ಹಿನ್ನೀರು ನಿಂತು ನಡುವೆ ದ್ವೀಪಗಳು ಉಳಿದವು. ಹಕ್ಕಿತಜ್ಞ ಸಲೀಂ ಅಲಿ ಒಡೆಯರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣವೂ ಆಯಿತು.

ಆದರೆ ಇಲ್ಲಿರುವುದು ತೊಟ್ಟಿಲು ಮಾತ್ರ. ಅಡುಗೆಮನೆ ಬೇಲಿಯ ಆಚೆಗೂ ಹರಡಿದೆ. ಸುತ್ತಲಿನ ಗದ್ದೆ, ಕೆರೆ, ನಾಲೆಗಳಿಂದಲೂ ಕೊಕ್ಕರೆಗಳು ಮರಿಗಳಿಗೆ ಊಟ ತರುತ್ತವೆ. ಬಣ್ಣದ ಕೊಕ್ಕರೆಯ ಬೇಟೆ ನೋಡಬೇಕು. ಅರ್ಧ ತೆರೆದ ಕೊಕ್ಕನ್ನು ಕಲಕು ನೀರಿಗಿಳಿಸಿ ಆಚೀಚೆ ಆಡಿಸುತ್ತದೆ. ಮೀನು ಕಣ್ಣಿಗೆ ಕಾಣಬೇಕೆಂದೇನಿಲ್ಲ. ತಾಗಿದರೆ ಸಾಕು, ಕೊಕ್ಕು ಟಪ್ಪನೆ ಮುಚ್ಚುತ್ತದೆ. ಇದಕ್ಕೆ ಆಳದ ನೀರು ಆಗಿಬರುವುದಿಲ್ಲ.

ನೀರಿನ ಮಟ್ಟವೂ ಮುಖ್ಯ. ಹೊಳೆ ರೀವ (ರಿವರ್ ಟರ್ನ್) ಎಂಬ ಹಕ್ಕಿಗಳು ಬೇಸಿಗೆಯಲ್ಲಿ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ಮೇಲಿನ ಕೃಷ್ಣರಾಜಸಾಗರದಿಂದ ಆಗ ನೀರು ಜಾಸ್ತಿ ಬಂದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಹೊಸ ಗೂಡಿಗೆ ಮತ್ತೆ ಒಣ ಬಂಡೆ ಸಿಗಬೇಕು.

ನನಗೆ ತುಂಬ ಇಷ್ಟ ಬಾಯ್ಕಳಕ ಕೊಕ್ಕರೆ. ಬೆಳೆದ ಹಕ್ಕಿ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಇದರ ಮುಖ್ಯ ಊಟ ನೀರಿನ ಬಸವನಹುಳು. ಚೂಪು ತುದಿಯನ್ನು ಚಿಪ್ಪಿನೊಳಗೆ ತೂರಿಸಿ ಮಾಂಸ ಬಿಡಿಸಿಕೊಳ್ಳುತ್ತದೆ. ಮರಿಯ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ರೆಕ್ಕೆ ಬಲಿಯುವವರೆಗೆ ಮರಿ ಗೂಡಿನಲ್ಲೇ ಕೂತು ಗದ್ದೆಯಿಂದ ಬರುವ ತುತ್ತಿಗೆ ಬಾಯಿ ತೆರೆಯುತ್ತದೆ. ಆ ಗದ್ದೆಗೆ ಯಾವ ಔಷಧಿ ಹೊಡೆದಿದ್ದಾರೋ, ಅದೂ ತುತ್ತಿನ ಜೊತೆಗೇ ಬರಬಹುದು.