ಕರ್ನಲ್ ಜೇಬಿನ ಚಿಲ್ಲರೆ

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ರಾಹುಕಾಲದ ನಂಬಿಕೆಯಷ್ಟೇ ಗಟ್ಟಿಯಾಗಿದೆ. ಹಾಗೆ ನಂಬಿದವರು ಒಮ್ಮೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ವಿವರ ಕೊಡುವ 'ಪ್ರೊಕ್' ಕಡತಗಳ ಕೈಪಿಡಿಯನ್ನು ತೆರೆಯಬೇಕು. ಒಂದು ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದು ಕೂತಿದೆ ಎಂದು ತಿಳಿಸುವ 'ಸ್ಟ್ಯಾಟ್‌ಎಂ' ಕಡತದ ವಿವರಣೆಯಲ್ಲಿ, ಇಲ್ಲಿನ ಕೆಲವು ಅಂಕಿಗಳು ನಿಖರವಲ್ಲ, ನಿಖರವಾದದ್ದೇ ಬೇಕಿದ್ದರೆ ಬೇರೆ ಕಡತವಿದೆ, ಆದರೆ ಅದು ಬಹಳ ನಿಧಾನ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

'ಎಣಿಕೆಗೆ ಒಂದು ಕೂಡಿಸು' ಎಂಬ ಒಂದೇ ಸಾಲಿನಲ್ಲಿ ಪ್ರೊಸೆಸರ್‌ಗೆ ಮೂರು ಕೆಲಸಗಳಿವೆ: ಓದು, ಕೂಡಿಸು, ಮರಳಿ ಬರೆ. ಎಣಿಕೆ 41 ಇದ್ದಾಗ ಎರಡು ಕೋರ್‌ಗಳು (ಪ್ರೊಸೆಸರ್‌ನೊಳಗೆ ಒಟ್ಟೊಟ್ಟಿಗೆ ದುಡಿಯುವ ಬೇರೆಬೇರೆ ಲೆಕ್ಕಿಗರು) ಒಟ್ಟಿಗೆ ಬಂದು ಎರಡೂ 41 ಎಂದು ಓದಿಕೊಂಡರೆ, ಎರಡೂ 42 ಎಂದೇ ಬರೆಯುತ್ತವೆ. 43 ಆಗಬೇಕಿದ್ದಲ್ಲಿ ಒಂದು ಎಣಿಕೆ ಗಾಳಿಗೆ ಹೋಯಿತು. ಇದೇ ಡೇಟಾ ರೇಸ್.

1996ರಲ್ಲಿ ಲಿನಕ್ಸ್ 2.0 ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿಗೆ ಬಾಗಿಲು ತೆರೆದಾಗ ಇಡೀ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಒಂದೇ ದೊಡ್ಡ ಬೀಗವಿತ್ತು. ವಠಾರಕ್ಕೆಲ್ಲ ಒಂದೇ ಬಚ್ಚಲಮನೆ ಇದ್ದಂತೆ: ಜಗಳವಿಲ್ಲ, ಆದರೆ ಬೆಳಗಿನ ಸಾಲು ಕರಗುವುದೂ ಇಲ್ಲ. ಆ ಬೀಗವನ್ನು ಚೂರುಚೂರಾಗಿ ಒಡೆದು 2.6.39ರಲ್ಲಿ ಪೂರ್ತಿ ಕಿತ್ತುಹಾಕುವಾಗ 2011 ಬಂದಿತ್ತು. ಬೀಗ ಹೋದ ಕಡೆಯಲ್ಲೆಲ್ಲ ರೇಸ್ ನುಸುಳಬಹುದು. ಅದನ್ನು ಹಿಡಿಯಲು 2020ರ 5.8 ಆವೃತ್ತಿಯಲ್ಲಿ ಕೆಸಿಸ್ಯಾನ್ ಎಂಬ ಪತ್ತೇದಾರ ಕರ್ನಲ್‌ನೊಳಗೇ ಸೇರಿಕೊಂಡಿತು. ಕೋಡು ಮೆಮೊರಿಯ ಒಂದು ಜಾಗವನ್ನು ಮುಟ್ಟುವ ಹೊತ್ತಿನಲ್ಲಿ ಅದನ್ನು ಕ್ಷಣಕಾಲ ತಡೆದು, ಅದೇ ಜಾಗಕ್ಕೆ ಇನ್ನೊಂದು ಕೈ ಬರುತ್ತದೆಯೇ ಎಂದು ಕಾಯುವುದು ಅದರ ಉಪಾಯ.

ಪತ್ತೇದಾರ ಬಂದರೆ ದೂರುಗಳ ರಾಶಿಯೂ ಬರುತ್ತದೆ. ಆ ದೂರುಗಳ ಬಾಯಿ ಮುಚ್ಚಿಸುವ ಅವಸರ ಕಂಡಾಗ ನನಗೆ ರೇಗುತ್ತದೆ. 'ರೀಡ್ ಒನ್ಸ್', 'ರೈಟ್ ಒನ್ಸ್' ಎಂಬ ಎರಡು ಗುರುತುಗಳಿವೆ. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್‌ಗೆ ಇವು ಹೇಳುವುದು ಇಷ್ಟೇ: ಈ ಬೆಲೆಯನ್ನು ಒಂದೇ ಸಲ ಓದು ಅಥವಾ ಬರೆ, ಹಳೆಯದನ್ನು ನೆನಪಿಟ್ಟುಕೊಂಡು ಜಾಣತನ ತೋರಿಸಬೇಡ. ಎಣಿಕೆಯ ಸಾಲಿಗೆ ಇವನ್ನು ತಾಯತದಂತೆ ಕಟ್ಟಿದರೆ ಪತ್ತೇದಾರ ಸುಮ್ಮನಾಗಬಹುದು. ಎರಡು ಕೋರ್‌ಗಳು 41 ಓದಿ 42 ಬರೆಯುವುದಂತೂ ನಿಲ್ಲುವುದಿಲ್ಲ. ಅದರ ಬದಲು 'ಇಲ್ಲಿ ರೇಸ್ ಇದೆ, ಗೊತ್ತಿದ್ದೇ ಬಿಟ್ಟಿದ್ದೇವೆ' ಎನ್ನಲು 'ಡೇಟಾ ರೇಸ್' ಎಂಬ ಹೆಸರಿನದೇ ಗುರುತು ಇದೆ. ಅದು ಓದುವವನಿಗೆ ಸುಳ್ಳು ಹೇಳುವುದಿಲ್ಲ.

ಹಾಗಾದರೆ ಎಲ್ಲ ಎಣಿಕೆಯನ್ನೂ ಅಟಾಮಿಕ್, ಅಂದರೆ ಓದು-ಕೂಡಿಸು-ಬರೆ ಮೂರೂ ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಮುಗಿಯುವಂತೆ, ಮಾಡಿಬಿಡಬಾರದೇ? ಲೆಕ್ಕ ಸರಿಹೋಗುತ್ತದೆ, ವೇಗ ಸಾಯುತ್ತದೆ. ಇಂದಿನ ಬಹುತೇಕ ಪ್ರೊಸೆಸರ್‌ಗಳಲ್ಲಿ ಮೆಮೊರಿಯಲ್ಲಿರುವುದು ಕ್ಯಾಶ್‌ಗಳ (ಕೋರ್‌ಗಳು ಪಕ್ಕದಲ್ಲೇ ಇಟ್ಟುಕೊಳ್ಳುವ ಪುಟ್ಟ, ವೇಗದ ಮೆಮೊರಿಗಳ) ನಡುವೆ 64 ಬೈಟ್‌ಗಳ ತುಂಡುಗಳಾಗಿ ಓಡಾಡುತ್ತದೆ. ಬರೆಯುವ ಕೋರ್ ಆ ತುಂಡನ್ನು ತನ್ನೊಬ್ಬನದಾಗಿ ಮಾಡಿಕೊಳ್ಳಬೇಕು. 64 ಕೋರ್‌ಗಳು ಒಂದೇ ಎಣಿಕೆಯನ್ನು ಮುಟ್ಟಹೊರಟರೆ ಆ ತುಂಡು ಮದುವೆ ಪಂಕ್ತಿಯಲ್ಲಿರುವ ಒಂದೇ ಒಂದು ತುಪ್ಪದ ಮಿಳ್ಳೆಯ ಹಾಗೆ ಕೈಯಿಂದ ಕೈಗೆ ಅಲೆಯುತ್ತದೆ. ಉಳಿದವರೆಲ್ಲ ಅನ್ನ ಕಲಸದೆ ಕಾಯಬೇಕು.

ಕರ್ನಲ್ ಕಂಡುಕೊಂಡ ದಾರಿ ಬಸ್ ಕಂಡಕ್ಟರುಗಳದು. ಪ್ರತಿ ಟಿಕೆಟ್ ಹರಿದಾಗಲೂ ಯಾವ ಕಂಡಕ್ಟರೂ ಡಿಪೋಗೆ ಓಡುವುದಿಲ್ಲ, ಹಣ ಚೀಲದಲ್ಲಿ ಕೂಡುತ್ತದೆ. 'ಪರ್‌ಸಿಪಿಯು ಕೌಂಟರ್' ಪ್ರತಿ ಕೋರ್‌ಗೂ ಇಂಥದೊಂದು ಚೀಲ ಕೊಡುತ್ತದೆ. ಚೀಲದಲ್ಲಿ ಇಷ್ಟು ಸೇರಿದ ಮೇಲೆ ಮಾತ್ರ ಬೀಗ ತೆಗೆದು ಮುಖ್ಯ ಲೆಕ್ಕಕ್ಕೆ ಸುರಿಯಬೇಕು. ಆ ಮಿತಿ 32, ಅಥವಾ ಕೋರ್‌ಗಳ ಸಂಖ್ಯೆಯ ಎರಡರಷ್ಟು, ಯಾವುದು ದೊಡ್ಡದೋ ಅದು. ಇಲ್ಲಿ ಯಾವ ಎಣಿಕೆಯೂ ಕಳೆದುಹೋಗುವುದಿಲ್ಲ, ತಡವಾಗುತ್ತದೆ, ಅಷ್ಟೆ. ಕಳೆದ ದುಡ್ಡಿಗೂ ಚೀಲದಲ್ಲಿರುವ ದುಡ್ಡಿಗೂ ಇರುವ ವ್ಯತ್ಯಾಸವನ್ನು ಯಾವ ಅಂಗಡಿಯವನಿಗೂ ಬಿಡಿಸಿ ಹೇಳಬೇಕಿಲ್ಲ.

ತಡವಾದರೂ ನಡೆಯುವ ಲೆಕ್ಕವೇ ಎಂದು ಕೇಳಬೇಕು. ಒಂದು ವಸ್ತುವನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಎಣಿಕೆಯಲ್ಲಿ ಒಂದೇ ಒಂದು ತಪ್ಪಿದರೂ, ಯಾರೋ ಬಳಸುತ್ತಿರುವಾಗಲೇ ಕರ್ನಲ್ ಆ ಮೆಮೊರಿಯನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ದಾಳಿಕೋರರಿಗೆ ಇದೇ ಹಬ್ಬ. ಅಲ್ಲಿ ಅಟಾಮಿಕ್‌ನ ಬೆಲೆ ತೆರಲೇಬೇಕು. 2017ರ 4.11 ಆವೃತ್ತಿಯಿಂದ ಅದಕ್ಕೆಂದೇ ಬಿಗಿಯಾದ ಪ್ರತ್ಯೇಕ ಎಣಿಕೆಯೂ ಬಂದಿದೆ.

ನೆಟ್‌ವರ್ಕ್ ಅಂಕಿಅಂಶವಾದರೆ ಚೂರು ಹೆಚ್ಚುಕಡಿಮೆ ನಡೆದೀತು ಎನ್ನುತ್ತೀರಿ. ಆದರೆ 32 ಬಿಟ್ ಯಂತ್ರದಲ್ಲಿ 64 ಬಿಟ್‌ನ ಎಣಿಕೆಯನ್ನು ಎರಡು ತುಂಡಾಗಿ ಓದಬೇಕಾಗುತ್ತದೆ. ಕೆಳಗಿನ ತುಂಡು 4294967295ರಿಂದ ಸೊನ್ನೆಗೆ ಉರುಳಿ ಮೇಲಿನದಕ್ಕೆ ಒಂದು ಕೂಡುವ ಹೊತ್ತಿಗೇ ನೀವು ಓದಿದರೆ ಲೆಕ್ಕದಲ್ಲಿ 4 ಜಿಬಿ ಏರುಪೇರು. ಅದಕ್ಕೇ ಅಲ್ಲಿ ಬರೆಯುವವನು ಬರೆಯುವ ಮುಂಚೆ ಒಮ್ಮೆ, ಬರೆದ ಮೇಲೆ ಒಮ್ಮೆ ಒಂದು ಸರಣಿ ಸಂಖ್ಯೆಯನ್ನು ಏರಿಸುತ್ತಾನೆ. ನಡುವೆ ಅದು ಬದಲಾಗಿದ್ದರೆ ಓದುವವನು ಮತ್ತೆ ಓದುತ್ತಾನೆ. 64 ಬಿಟ್ ಯಂತ್ರದಲ್ಲಿ ಈ ಸರ್ಕಸ್ ಬೇಕಿಲ್ಲ.

ಮತ್ತೆ ಮೆಮೊರಿ ಲೆಕ್ಕಕ್ಕೆ ಬರೋಣ. 6.2 ಆವೃತ್ತಿಯಲ್ಲಿ ಪ್ರೋಗ್ರಾಂಗಳ ಮೆಮೊರಿ ಎಣಿಕೆಯನ್ನು ಕಂಡಕ್ಟರ್ ಚೀಲಗಳಿಗೆ ವರ್ಗಾಯಿಸಿದರು. 64 ಕೋರ್‌ಗಳಿದ್ದರೆ ಚೀಲದ ಮಿತಿ 128; ಎಲ್ಲ ಚೀಲಗಳಲ್ಲಿ ಸೇರಿ ಸುಮಾರು 8192 ಪುಟಗಳು (ಕರ್ನಲ್ ಮೆಮೊರಿ ಹಂಚುವ ತುಂಡುಗಳು) ಅಡಗಿರಬಹುದು. 4 ಕೆಬಿಯ ಪುಟವಾದರೆ 32 ಎಂಬಿ. ಪುಟವೊಂದು 64 ಕೆಬಿ ಇರುವ ದೊಡ್ಡ ಯಂತ್ರಗಳಲ್ಲಿ ಸಣ್ಣ ಪ್ರೋಗ್ರಾಂಗಳಿಗೆ ಚೀಲ ತುಂಬುವಷ್ಟು ಪುಟಗಳೇ ಬೇಕಾಗುವುದಿಲ್ಲ. ಮುಖ್ಯ ಲೆಕ್ಕಕ್ಕೆ ಏನೂ ಬೀಳದೆ, ಓಡುವ ಪ್ರೋಗ್ರಾಂಗಳ ಪಟ್ಟಿ ಕೊಡುವ 'ಟಾಪ್' ಆದೇಶ ಕೊಟ್ಟರೆ ಓಡುತ್ತಿರುವ ಪ್ರೋಗ್ರಾಂ ಬಳಸಿದ ಮೆಮೊರಿ ಸೊನ್ನೆ ಎಂದು ತೋರಿಸುತ್ತಿತ್ತು. ಉಸಿರಾಡುತ್ತಿರುವವನ ನಾಡಿ ಹಿಡಿದು ಏನೂ ಇಲ್ಲ ಎಂದಂತೆ!

2025ರಲ್ಲಿ ಇದನ್ನು ತಿದ್ದಿದವರು ಎಣಿಸುವ ದಾರಿಯನ್ನು ಮುಟ್ಟಲಿಲ್ಲ. ಪುಟ ಸಿಕ್ಕಾಗಲೆಲ್ಲ ಕೋರ್ ಹಿಂದಿನಂತೆಯೇ ತನ್ನ ಚೀಲಕ್ಕೆ ಹಾಕಿಕೊಂಡು ಮುಂದೆ ಓಡುತ್ತದೆ. 'ಟಾಪ್' ಕೇಳಿದಾಗ ಮಾತ್ರ ಕರ್ನಲ್ ಎಲ್ಲ ಕೋರ್‌ಗಳ ಚೀಲಗಳನ್ನೂ ತಡಕಿ ಒಟ್ಟು ಹೇಳುತ್ತದೆ. ಪುಟ ಹಂಚುವ ಕೆಲಸ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡೆಯಬಹುದು, 'ಟಾಪ್' ಬಂದು ಕೇಳುವುದು ಕೆಲವು ಸೆಕೆಂಡಿಗೊಮ್ಮೆ.